ಕೋಟೆಯೊಳಗಿನ ಊಟ

(ಪ್ರವಾಸ ಮತ್ತು ಸಂಸ್ಕೃತಿಯನ್ನು ಕುರಿತ ಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಿಮಗೆಲ್ಲ ಗೊತ್ತು. ಉಣ್ಣುವುದು ನಮ್ಮ ನಾಲಿಗೆಗಾಗಿ, ಉಡುವುದು ನಾಲ್ಕು ಜನರ ಕಣ್ಣಿಗಾಗಿ ಎಂದು ಅದರ ತಾತ್ಪರ್ಯ. ಆದರೆ ಊಟವೂ ನೋಟವೂ ಎರಡೂ ಪರರ ಇಚ್ಛೆಯಂತೆಯೇ ನಡೆಯುವ ಒಂದು ಜಾಗ ಈ ಲೋಕದಲ್ಲಿದೆ. ಅದು ಥೀಮ್ ಪಾರ್ಕುಗಳ ಒಳಗಿರುವ ಹೆಸರುವಾಸಿ ರೆಸ್ಟೋರೆಂಟು. ಅಲ್ಲಿಯ ಊಟಕ್ಕೆ ಅಷ್ಟು ದೊಡ್ಡ ಹೆಸರು ಹೇಗೆ ಬರುತ್ತದೆ, ಉಂಡು ಹೊರಬಂದವರ ಮುಖ ಏಕೆ ಸಪ್ಪಗಿರುತ್ತದೆ, ಇದರಲ್ಲಿ ತಪ್ಪು ಯಾರದು ಎಂಬುದನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಇದೇನು ಗೋಷ್ಠಿಯಲ್ಲಿ ಚರ್ಚಿಸುವಂಥ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿದ ಮಗ ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳ ಜೊತೆ ಎಲ್ಲರೂ ಫ್ಲಾರಿಡಾದ ಒರ್ಲಾಂಡೊಗೆ ಹೊರಟಿದ್ದಾರೆ. ವಾಲ್ಟ್ ಡಿಸ್ನಿ ವರ್ಲ್ಡಿನ ಸಿಂಡ್ರೆಲಾ ಕೋಟೆಯಲ್ಲಿ ಉಣ್ಣಬೇಕೆಂದು 60 ದಿನ ಮೊದಲೇ, ಬೆಳಗಿನ ಜಾವ ಎದ್ದು, ಮಗ ಜಾಗ ಕಾಯ್ದಿರಿಸಿದ್ದಾನೆ. ಆ ದಿನ ಬಂತು. ಮೊಮ್ಮಗಳು ರಾಜಕುಮಾರಿಯನ್ನು ನೋಡಿದ ಸಂಭ್ರಮದಲ್ಲಿ ತಟ್ಟೆ ಮುಟ್ಟಲಿಲ್ಲ. ಅಜ್ಜಿಗೆ ತಿನ್ನಲು ಸಿಕ್ಕಿದ್ದು ನಾಲ್ಕು ಎಲೆ, ಎರಡು ತುಂಡು ಬ್ರೆಡ್ಡು. ಅಜ್ಜ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮನಸ್ಸಿನಲ್ಲೇ ಡಾಲರನ್ನು ರೂಪಾಯಿಗೆ ಗುಣಿಸುತ್ತ ಕುಳಿತರು. ಮಗನಿಗೆ ಅವಮಾನ, ಸೊಸೆಗೆ ಸಿಟ್ಟು. ಊರಿಗೆ ಮರಳಿದ ಮೇಲೆ ಪ್ರವಾಸದ ಮಾತು ಬಂದಾಗಲೆಲ್ಲ ಆ ಬಿಲ್ಲಿನ ಮಾತೇ ಮೊದಲು. ವರ್ಷಗಟ್ಟಲೆ ಕೂಡಿಟ್ಟ ಹಣ, ವಯಸ್ಸಾದವರು ಬಹುಶಃ ಒಮ್ಮೆ ಮಾತ್ರ ಮಾಡಬಹುದಾದ ಪ್ರಯಾಣ, ಒಂದು ಊಟದಿಂದಾಗಿ ಕಹಿಯಾಯಿತು. ಹಾಗಾಗಿ ಇದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ.

ಈ ಕಹಿ ಡಿಸ್ನಿಯವರ ಕಾಲದ್ದೂ ಅಲ್ಲ, ಅಮೆರಿಕದ್ದೂ ಅಲ್ಲ. ಅದರ ಮೂಲ ಹುಡುಕುತ್ತ ಹೊರಟರೆ ನಾವು ಹದಿನೆಂಟನೆಯ ಶತಮಾನದ ಲಂಡನ್ನಿಗೆ ಹೋಗಬೇಕಾಗುತ್ತದೆ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ವಾಕ್ಸ್‌ಹಾಲ್ ಎಂಬ ವಿಹಾರೋದ್ಯಾನವಿತ್ತು. ಜೊನಾಥನ್ ಟಯರ್ಸ್ ಎಂಬಾತ ಅದನ್ನು ವಹಿಸಿಕೊಂಡು 1732ರಲ್ಲಿ ಹೊಸದಾಗಿ ತೆರೆದ. ಪ್ರವೇಶ ಶುಲ್ಕ ಒಂದು ಶಿಲ್ಲಿಂಗ್. ಒಳಗೆ ಸಾಲು ಮರಗಳು, ಸಂಗೀತ, ಚಿತ್ರಗಳಿಂದ ಅಲಂಕರಿಸಿದ ಊಟದ ಗೂಡುಗಳು, ಕತ್ತಲಾದೊಡನೆ ಏಕಕಾಲಕ್ಕೆ ಹೊತ್ತಿಕೊಳ್ಳುವ ಸಾವಿರಾರು ಎಣ್ಣೆದೀಪಗಳು. 1749ರಲ್ಲಿ ಹ್ಯಾಂಡೆಲನ ಸಂಗೀತದ ತಾಲೀಮನ್ನು ಕೇಳಲು ಇಲ್ಲಿಗೆ ನುಗ್ಗಿದ ಜನ ಹನ್ನೆರಡು ಸಾವಿರವೆಂದು ಆಗಿನ ವರದಿ. ಇಂದಿನ ಥೀಮ್ ಪಾರ್ಕಿನ ಮುತ್ತಜ್ಜ ಎಂದು ಇದನ್ನು ಕರೆಯಬಹುದು.

ಆ ವಾಕ್ಸ್‌ಹಾಲಿನ ಊಟ ಹೇಗಿತ್ತು? ಅಲ್ಲಿ ಬಡಿಸುತ್ತಿದ್ದ ಹ್ಯಾಮ್, ಅಂದರೆ ಉಪ್ಪುಹಾಕಿದ ಹಂದಿಮಾಂಸದ ಹೋಳು, ಇಂಗ್ಲೆಂಡಿನಲ್ಲೆಲ್ಲ ನಗೆಚಾಟಿಕೆಯ ವಸ್ತುವಾಗಿತ್ತು. ಹೋಳಿನ ಆಚೆ ಪತ್ರಿಕೆ ಹಿಡಿದರೆ ಓದಬಹುದು ಎನ್ನುತ್ತಿದ್ದರು. ಕೈಚಳಕವುಳ್ಳ ಅಡಿಗೆಯವನು ಒಂದೇ ಹ್ಯಾಮನ್ನು ಕೊಯ್ದು ಇಡೀ ಉದ್ಯಾನಕ್ಕೆ ಹಾಸಬಲ್ಲ ಎನ್ನುತ್ತಿದ್ದರು. ಕೋಳಿ ಗುಬ್ಬಚ್ಚಿಗಿಂತ ದೊಡ್ಡದಿಲ್ಲ ಎಂದು ಗೊಣಗುತ್ತಿದ್ದರು. ಇಷ್ಟೆಲ್ಲ ನಕ್ಕರೂ ಗೊಣಗಿದರೂ ಜನ ಹೋಗುವುದನ್ನು ಬಿಟ್ಟರೇ? ಇಲ್ಲ. ಉದ್ಯಾನ ಮುಚ್ಚಿದ್ದು 1859ರಲ್ಲಿ, ಅಂದರೆ 127 ವರ್ಷಗಳ ನಂತರ. ನಾಲ್ಕೈದು ತಲೆಮಾರಿನ ಜನ ತೆಳ್ಳನೆಯ ಹೋಳಿಗೆ ದಪ್ಪ ಬೆಲೆ ತೆತ್ತು ಬಂದರು. ದೀಪ, ಸಂಗೀತ, ಪಕ್ಕದ ಗೂಡಿನಲ್ಲಿ ಕುಳಿತ ದೊಡ್ಡಮನುಷ್ಯರನ್ನು ಕದ್ದು ನೋಡುವ ಸುಖ, ಇವೆಲ್ಲದರ ಬೆಲೆಯೂ ಆ ಹೋಳಿನ ಮೇಲೆ ಬಿದ್ದಿತ್ತು. ಇದು ನಾವು ನೆನಪಿಡಬೇಕಾದ ಮೊದಲ ಸೂತ್ರ. ಮೆನುವಿನಲ್ಲಿ ಬರೆದಿರುವುದು ಪದಾರ್ಥದ ಹೆಸರು. ಅದರ ಎದುರಿಗಿರುವುದು ಜಾಗದ ಬೆಲೆ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಒಂದಿದೆ, ಅದೂ ಕ್ಯಾಲಿಫೋರ್ನಿಯಾದಲ್ಲಿ. ಬ್ಯುನಾ ಪಾರ್ಕ್ ಎಂಬಲ್ಲಿ ವಾಲ್ಟರ್ ನಾಟ್ ಎಂಬ ರೈತ ಬೆರ್ರಿ ಹಣ್ಣು ಬೆಳೆದು ರಸ್ತೆಬದಿಯಲ್ಲಿ ಮಾರುತ್ತಿದ್ದ. ಆರ್ಥಿಕ ಮುಗ್ಗಟ್ಟಿನ ಕಾಲ. 1934ರ ಜೂನ್ ತಿಂಗಳ ಒಂದು ಸಂಜೆ ಅವನ ಹೆಂಡತಿ ಕಾರ್ಡೀಲಿಯಾ ತನ್ನ ಮದುವೆಯ ಪಿಂಗಾಣಿ ತಟ್ಟೆಗಳನ್ನೇ ತೆಗೆದು, ಎಂಟು ಜನಕ್ಕೆ ಹುರಿದ ಕೋಳಿಯ ಊಟ ಬಡಿಸಿದಳು. ಒಂದು ಊಟಕ್ಕೆ 65 ಸೆಂಟ್. ರುಚಿಯ ಸುದ್ದಿ ಹಬ್ಬಿತು. ಕೆಲವೇ ವರ್ಷಗಳಲ್ಲಿ ಭಾನುವಾರಗಳಂದು ಸಾವಿರಾರು ಜನ ಬಂದು ಗಂಟೆಗಟ್ಟಲೆ ಕಾಯತೊಡಗಿದರು. ಕಾದು ಬೇಸರಗೊಂಡವರಿಗೆ ಹೊತ್ತು ಕಳೆಯಲೆಂದು ವಾಲ್ಟರ್ 1940ರಲ್ಲಿ ಹಳೆಯ ಗಣಿ ಊರಿನಂಥ ಒಂದು ಪುಟ್ಟ ಪೇಟೆಯನ್ನು ಕಟ್ಟಲು ತೊಡಗಿದ. ಅದೇ ಬೆಳೆದು ನಾಟ್ಸ್ ಬೆರ್ರಿ ಫಾರ್ಮ್ ಎಂಬ ಥೀಮ್ ಪಾರ್ಕಾಯಿತು. ಸುತ್ತ ಬೇಲಿ ಬಿದ್ದು ಪ್ರವೇಶ ಶುಲ್ಕ ಬಂದದ್ದು 1968ರಲ್ಲಿ. ಇಲ್ಲಿ ಊಟ ಮೊದಲು, ಆಟ ಆಮೇಲೆ. ಇವತ್ತಿಗೂ ಆ ಕೋಳಿ ಊಟದ ಮನೆ ಪಾರ್ಕಿನ ಗೇಟಿನ ಹೊರಗೇ ಇದೆ; ಅಲ್ಲಿ ಉಣ್ಣಲು ಪಾರ್ಕಿನ ಟಿಕೆಟು ಬೇಕಿಲ್ಲ. ಅಡಿಗೆ ಚೆನ್ನಾಗಿರದಿದ್ದರೆ ಗಿರಾಕಿ ಎದ್ದು ಬೇರೆ ಕಡೆ ಹೋಗಬಲ್ಲ ಎಂಬ ಭಯ ಅಡಿಗೆಮನೆಗೆ ಇರಬೇಕು. ಗೇಟಿನೊಳಗೆ ಸಿಕ್ಕಿಕೊಂಡ ಗಿರಾಕಿಯ ವಿಷಯದಲ್ಲಿ ಆ ಭಯ ಕಡಿಮೆ.

ಇನ್ನು ಡಿಸ್ನಿಯವರ ಕಡೆ ಬರೋಣ. ಡಿಸ್ನಿಲ್ಯಾಂಡ್ ತೆರೆದ ದಿನವೇ, ಅಂದರೆ 1955ರ ಜುಲೈ 17ರಂದು, ಎಣಿಸಿದ್ದಕ್ಕಿಂತ ಹೆಚ್ಚು ಜನ ನುಗ್ಗಿ ಅಲ್ಲಿನ ತಿಂಡಿ ಪಾನೀಯಗಳು ಮುಗಿದುಹೋದವು. ಆದರೆ ಊಟವನ್ನು ಹೇಗೆ ದೃಶ್ಯದ ಭಾಗವಾಗಿ ಮಾಡಬಹುದೆಂಬುದನ್ನು ಅವರು ಬೇಗ ಕಲಿತರು. 1967ರಲ್ಲಿ ತೆರೆದ ಬ್ಲೂ ಬಯೂ ಇದಕ್ಕೆ ಒಳ್ಳೆಯ ಉದಾಹರಣೆ. ಕಡಲ್ಗಳ್ಳರ ದೋಣಿವಿಹಾರದ ಕಟ್ಟಡದ ಒಳಗೇ ಇರುವ ಈ ರೆಸ್ಟೋರೆಂಟಿನಲ್ಲಿ ಹೊರಗೆ ಸುಡುಬಿಸಿಲಿದ್ದರೂ ಸದಾ ಮುಸ್ಸಂಜೆ. ಉಣ್ಣುವವರ ಮುಂದೆಯೇ ದೋಣಿಗಳು ತೇಲಿಹೋಗುತ್ತವೆ. ದೋಣಿಯಲ್ಲಿರುವವರು ಉಣ್ಣುವವರನ್ನು ನೋಡುತ್ತಾರೆ, ಉಣ್ಣುವವರು ದೋಣಿಯವರನ್ನು ನೋಡುತ್ತಾರೆ. ನೋಡಿದವರಿಗೆಲ್ಲ ತಾವೂ ಒಮ್ಮೆ ಅಲ್ಲಿ ಕೂರಬೇಕೆಂಬ ಆಸೆ. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ?

ಒರ್ಲಾಂಡೊದ ಕೋಟೆಯ ಕಥೆಯಂತೂ ಇನ್ನೂ ಸ್ವಾರಸ್ಯ. 1971ರಲ್ಲಿ ಪಾರ್ಕು ತೆರೆದಾಗ ಸಿಂಡ್ರೆಲಾಳ ಕೋಟೆಯೊಳಗಿನ ಭೋಜನಶಾಲೆಗೆ ಕಿಂಗ್ ಸ್ಟೀಫನ್ಸ್ ಬ್ಯಾಂಕ್ವೆಟ್ ಹಾಲ್ ಎಂಬ ಹೆಸರಿಟ್ಟರು. ಈ ಸ್ಟೀಫನ್ ದೊರೆ ಸಿಂಡ್ರೆಲಾಳಿಗೆ ಏನೂ ಆಗಬೇಕಾದವನಲ್ಲ. ಅವನು 1959ರ ‘ಸ್ಲೀಪಿಂಗ್ ಬ್ಯೂಟಿ’ ಚಿತ್ರದ ರಾಜಕುಮಾರಿಯ ತಂದೆ. ಯಾರದೋ ಮನೆಯಲ್ಲಿ ಯಾರದೋ ಅಪ್ಪನ ಹೆಸರಿನ ಊಟದ ಮನೆ! 1997ರಲ್ಲಿ ಅದು ಸಿಂಡ್ರೆಲಾಸ್ ರಾಯಲ್ ಟೇಬಲ್ ಆಗುವವರೆಗೆ 26 ವರ್ಷ ವ್ಯಾಪಾರಕ್ಕೇನೂ ಕುಂದು ಬರಲಿಲ್ಲ. ಕೋಟೆಯೊಳಗೆ ಕುಳಿತೆವೆಂಬುದೇ ಉಣ್ಣಲು ಬಂದವರಿಗೆ ಸಾಕಾಗಿತ್ತು. ಅದೇ ಪಾರ್ಕಿನಲ್ಲಿ 2012ರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರದ ಅರಮನೆಯ ಮಾದರಿಯಲ್ಲಿ ಬಿ ಅವರ್ ಗೆಸ್ಟ್ ಎಂಬ ಇನ್ನೊಂದು ಭೋಜನಶಾಲೆ ಬಂತು. ನೃತ್ಯಶಾಲೆಯ ಕಿಟಕಿಯಾಚೆ ಸದಾ ಹಿಮ ಬೀಳುತ್ತಿರುವಂತೆ ಏರ್ಪಾಡು. ಅಲ್ಲಿಯೂ ಕಣ್ಣು ತುಂಬುತ್ತದೆ. ನಾಲಿಗೆಯ ಬಗ್ಗೆ ಮಾತ್ರ ಜನರಲ್ಲಿ ಒಮ್ಮತವಿಲ್ಲ.

ಅಡಿಗೆಯವರಿಗೆ ಅಡಿಗೆ ಬರುವುದಿಲ್ಲವೆಂದು ಇದರರ್ಥವಲ್ಲ. ಅವರ ಕಷ್ಟವನ್ನೂ ನೋಡಬೇಕು. ನೂರಾರು ಜನ ಒಂದೇ ಹೊತ್ತಿಗೆ ಕುಳಿತಿರುತ್ತಾರೆ. ಹತ್ತಾರು ದೇಶದವರು, ಅರ್ಧಕ್ಕರ್ಧ ಮಕ್ಕಳು. ಖಾರ ಹೆಚ್ಚಾಗಬಾರದು, ಪರಿಚಯವಿಲ್ಲದ ವಾಸನೆ ಬರಬಾರದು, ತಡವಾಗಬಾರದು, ಮುಂದಿನ ಪಂಕ್ತಿಗೆ ಮೇಜು ತೆರವಾಗಬೇಕು. ಯಾರಿಗೂ ಬೇಸರವಾಗದಂತೆ ಮಾಡಿದ ಅಡಿಗೆ ಯಾರಿಗೂ ಸಂತೋಷ ಕೊಡುವುದೂ ಕಷ್ಟವೇ. ಜೊತೆಗೆ ಕೋಟೆಯ ನಿರ್ವಹಣೆ, ಮೇಜಿನಿಂದ ಮೇಜಿಗೆ ಬಂದು ಮಾತಾಡಿಸುವ ರಾಜಕುಮಾರಿಯರ ವೇಷಭೂಷಣ ಮತ್ತು ಸಂಬಳ, ಎಲ್ಲವೂ ಆ ತಟ್ಟೆಯಿಂದಲೇ ಹೊರಡಬೇಕು.

ನಿರೀಕ್ಷೆಯ ಲೆಕ್ಕ ಮಾಲೀಕರಿಗೂ ತಪ್ಪಿದ್ದುಂಟು. 1992ರ ಏಪ್ರಿಲ್ 12ರಂದು ಪ್ಯಾರಿಸ್ ಬಳಿ ಯೂರೋ ಡಿಸ್ನಿ ತೆರೆಯಿತು. ಯೂರೋಪಿನವರು ಕುಳಿತು ಬೆಳಗಿನ ಉಪಾಹಾರ ಮಾಡುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಹೋಟೆಲುಗಳ ಊಟದ ಕೋಣೆಗಳನ್ನು ಚಿಕ್ಕದಾಗಿ ಕಟ್ಟಿದ್ದರು. ಬೆಳಗಾದರೆ ಎಲ್ಲರೂ ಉಪಾಹಾರಕ್ಕೆ ಹಾಜರ್! ಅಮೆರಿಕದವರು ದಿನವಿಡೀ ಅಡ್ಡಾಡುತ್ತ ಮೆಲ್ಲುವವರು. ಫ್ರಾನ್ಸಿನವರು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಒಟ್ಟಿಗೆ ಕೂರುವವರು. ಹೀಗಾಗಿ ಉದ್ದುದ್ದ ಸಾಲುಗಳು. ಮೇಲಾಗಿ ವೈನ್ ಇಲ್ಲದೆ ಉಣ್ಣದ ನಾಡಿನಲ್ಲಿ ಪಾರ್ಕಿನೊಳಗೆ ಮದ್ಯ ನಿಷೇಧ. ಆ ನಿಯಮವನ್ನು 1993ರಲ್ಲಿ ಸಡಿಲಿಸಬೇಕಾಯಿತು. ಜಪಾನಿನಲ್ಲಿ ಸಮಸ್ಯೆ ಇನ್ನೊಂದು ಬಗೆ. ಅಲ್ಲಿ ಹೊರಗೆ ಹೋದಾಗ ಮನೆಯ ಬುತ್ತಿ ಒಯ್ಯುವುದು ರೂಢಿ. 1983ರಲ್ಲಿ ತೆರೆದ ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಬುತ್ತಿ ಒಳಗೆ ತರುವಂತಿಲ್ಲ. ಬಿಚ್ಚಿ ಉಣ್ಣಲು ಗೇಟಿನ ಹೊರಗೆ ಜಾಗ ಮಾಡಿದ್ದಾರೆ. ಒಂದು ನಾಡಿನ ಊಟದ ಹೊತ್ತು, ಊಟದ ರೀತಿ ಎಷ್ಟು ಗಟ್ಟಿಯೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಈಗ ನಮ್ಮ ಮನಸ್ಸಿನ ಕಡೆ ತಿರುಗೋಣ. ಡೇವಿಡ್ ಮೈಸ್ಟರ್ ಎಂಬ ವ್ಯವಹಾರ ವಿದ್ವಾಂಸ 1985ರಲ್ಲಿ ಸಾಲಿನಲ್ಲಿ ಕಾಯುವವರ ಮನಃಸ್ಥಿತಿಯ ಬಗ್ಗೆ ಒಂದು ಲೇಖನ ಬರೆದ. ಅದರಲ್ಲಿ ಅವನು ಹೇಳುವ ಲೆಕ್ಕ ಬಹಳ ಸರಳ. ನಮಗೆ ದಕ್ಕಿದ್ದೆಂದು ಅನ್ನಿಸಿದ್ದರಿಂದ ನಾವು ನಿರೀಕ್ಷಿಸಿದ್ದನ್ನು ಕಳೆದರೆ ಉಳಿಯುವುದೇ ತೃಪ್ತಿ. ದಾರಿಬದಿಯ ಹೋಟೆಲಿನಲ್ಲಿ ಬಿಸಿ ಇಡ್ಲಿ ಸಿಕ್ಕಿದರೆ ಹಿಗ್ಗುತ್ತೇವೆ, ಏಕೆಂದರೆ ಅಲ್ಲಿ ಕಳೆಯಬೇಕಾದ ಮೊತ್ತ ಸಣ್ಣದು. ಅರವತ್ತು ದಿನ ಕಾದು ಕೂತ ಊಟದಲ್ಲಿ ಆ ಮೊತ್ತ ದಿನದಿಂದ ದಿನಕ್ಕೆ ಬೆಳೆದಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಅದೇ 1985ರಲ್ಲಿ ಆರ್ಕೆಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ನಾಟಕದ ಟಿಕೆಟುಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಇಡೀ ಋತುವಿನ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಗೆ ಕೊಟ್ಟರು. ಋತುವಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು. ಕೊಟ್ಟ ಹಣ ಹೇಗೂ ಮರಳಿ ಬಾರದು. ಆದರೂ ಅದು ನಮ್ಮನ್ನು ಎಳೆಯುತ್ತದೆ. ಮಗು ದಣಿದು ಅಳುತ್ತಿದ್ದರೂ, ಅಜ್ಜನ ಕಾಲು ನೋಯುತ್ತಿದ್ದರೂ, ಯಾರಿಗೂ ಹಸಿವಿಲ್ಲದಿದ್ದರೂ ಕಾಯ್ದಿರಿಸಿದ ಊಟಕ್ಕೆ ಓಡಿಹೋಗುವುದು ಈ ಎಳೆತದಿಂದಲೇ.

ಹಾಗಾದರೆ ಮಾಡಬೇಕಾದದ್ದೇನು? ಹೋಗಲೇಬೇಡಿ ಎಂದು ನಾನು ಹೇಳಲಾರೆ. ಆರು ವರ್ಷದ ಹುಡುಗಿಗೆ ರಾಜಕುಮಾರಿ ಬಂದು ಹೆಸರು ಕೇಳಿದ ಕ್ಷಣಕ್ಕೆ ಬೆಲೆ ಕಟ್ಟಲು ನಾವು ಯಾರು? ಹಣ ಕೊಡುವ ಮುನ್ನ ಅದು ಯಾವುದಕ್ಕೆಂದು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು. ಮಗುವಿನ ಸಂತೋಷಕ್ಕೆ ಎಂದಾದರೆ ಅದನ್ನು ಆಟದ ಖರ್ಚಿಗೆ ಬರೆದುಕೊಳ್ಳಿ, ಊಟದ ಖರ್ಚಿಗಲ್ಲ. ಆಗ ಅಜ್ಜನ ಗುಣಾಕಾರವೂ ಸ್ವಲ್ಪ ಹಗುರಾಗುತ್ತದೆ. ಇಡೀ ಪ್ರವಾಸಕ್ಕೆ ಇಂಥ ಊಟ ಒಂದೇ ಇರಲಿ. ಮೆನುವನ್ನೂ ದರವನ್ನೂ ಮೊದಲೇ ನೋಡಿಕೊಳ್ಳುವುದು ಈಗ ಕಷ್ಟವಿಲ್ಲ. ಜನ ನುಗ್ಗುವ ಹೊತ್ತಿಗಿಂತ ಒಂದು ಗಂಟೆ ಮುಂಚೆ ಅಥವಾ ತಡವಾಗಿ ಉಣ್ಣಿ.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಎಪ್ಕಾಟ್ ಪಾರ್ಕಿನಲ್ಲಿ ಹನ್ನೊಂದು ದೇಶಗಳ ಮಂಟಪಗಳಿವೆ, ಭಾರತದ್ದಿಲ್ಲ. ಆದರೆ 2019ರಿಂದ ಒರ್ಲಾಂಡೊದ ಡಿಸ್ನಿ ಮೆನುಗಳಲ್ಲಿ ಸಸ್ಯಮೂಲದ ಆಹಾರಕ್ಕೆ ಎಲೆಯ ಗುರುತು ಹಾಕುತ್ತಿದ್ದಾರೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಅವರದೇ ವಸತಿಗೃಹದಲ್ಲಿ 2009ರಲ್ಲಿ ತೆರೆದ ಸನಾ ಎಂಬ ರೆಸ್ಟೋರೆಂಟು ನಾನ್ ಮತ್ತು ಬಗೆಬಗೆಯ ಚಟ್ನಿಗಳಿಗೇ ಹೆಸರು ಮಾಡಿದೆ. ಕಿಟಕಿಯಾಚೆ ಜಿರಾಫೆಗಳು ಅಡ್ಡಾಡುತ್ತವೆ. ಅದು ಪಾರ್ಕಿನ ಗೇಟಿನ ಹೊರಗಿದೆ ಎಂಬುದನ್ನು ಗಮನಿಸಿ. ಇನ್ನೂ ಒಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಒರ್ಲಾಂಡೊದ ಆ ಪಾರ್ಕುಗಳಿಗೆ ಮನೆಯ ಬುತ್ತಿ ಒಯ್ಯಬಹುದು. ಗಾಜಿನ ಪಾತ್ರೆ, ಮದ್ಯ ಕೂಡದು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಇವೆಲ್ಲಕ್ಕೂ ಅಡ್ಡಿಯಿಲ್ಲ.

ಆದ್ದರಿಂದ ಹೊರಡುವ ಮುನ್ನ ಅಜ್ಜಿಯನ್ನು ಒಂದು ಮಾತು ಕೇಳಿ. ಅವರಿಗೆ ಕೋಟೆಯಲ್ಲಿ ಉಣ್ಣುವ ಆಸೆ ಇರಬಹುದು, ಇಲ್ಲದೆಯೂ ಇರಬಹುದು. ಮರದ ನೆರಳಿನ ಬೆಂಚಿನ ಮೇಲೆ ಕುಳಿತು, ಮನೆಯಲ್ಲಿ ಕಲಸಿದ ಪುಳಿಯೋಗರೆ ತಿನ್ನುತ್ತ, ಕೋಟೆಯನ್ನು ಹೊರಗಿನಿಂದ ನೋಡುವುದೇ ಸಾಕು ಎಂದು ಅವರು ಹೇಳಿದರೆ ಹಾಗೆಯೇ ಮಾಡಿ. ಕೋಟೆ ಚೆನ್ನಾಗಿ ಕಾಣುವುದೂ ಹೊರಗಿನಿಂದಲೇ.