ಅಸಲು ಕರಗಿದ ದ್ವೀಪ



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾವು ಮೊದಲಿಗೇ ಕಲಿಯುವ ಪಾಠವೊಂದಿದೆ: ಬಡ್ಡಿಯನ್ನು ಉಣ್ಣಬಹುದು, ಅಸಲನ್ನು ಉಣ್ಣಬಾರದು. ಈ ಪಾಠವನ್ನು ಮೀರಿದ ಒಂದು ವ್ಯವಹಾರ ಇಡೀ ಜನಾಂಗದ ನೆಲೆಯನ್ನೇ ತಪ್ಪಿಸಿತು. ಅದರ ಇತಿಹಾಸವನ್ನು ಸಂಕ್ಷೇಪವಾಗಿ ತಮ್ಮ ಮುಂದೆ ಇಡುತ್ತೇವೆ.

ಬೆಳೆಗೆ ರಂಜಕ ಬೇಕು. ಫಾಸ್ಫೇಟ್ ಕಲ್ಲನ್ನು ಪುಡಿಮಾಡಿ ಗಂಧಕಾಮ್ಲದೊಡನೆ ಬೆರೆಸಿದರೆ ಬೇರು ಹೀರಬಲ್ಲ ಸೂಪರ್‌ಫಾಸ್ಫೇಟ್ ಗೊಬ್ಬರ ಸಿದ್ಧವಾಗುತ್ತದೆ. ಆಸ್ಟ್ರೇಲಿಯದ ಬಡವಾದ ಹೊಲಗಳಿಗೆ ಅದು ಸಂಜೀವಿನಿಯೇ ಆಗಿತ್ತು.

ಸಿಡ್ನಿಯ ಪೆಸಿಫಿಕ್ ಐಲೆಂಡ್ಸ್ ಕಂಪನಿಯ ಕಚೇರಿಯಲ್ಲಿ ಬಾಗಿಲು ಮುಚ್ಚದಂತೆ ಒಂದು ಕಲ್ಲನ್ನು ಇಟ್ಟಿದ್ದರು. ಅದು ನೌರು ದ್ವೀಪದಿಂದ ಬಂದದ್ದು. ನೌಕರ ಆಲ್ಬರ್ಟ್ ಎಲ್ಲಿಸ್ ಪರೀಕ್ಷಿಸಲಾಗಿ ಅದು ಉತ್ತಮ ಫಾಸ್ಫೇಟ್ ಎಂದು ತಿಳಿಯಿತು. ನೌರು ಆಗ ಜರ್ಮನರ ವಶದಲ್ಲಿತ್ತು. ಆದುದರಿಂದ ಎಲ್ಲಿಸ್ 1900ರ ಮೇ 3ರಂದು ನೆರೆಯ ಬನಾಬ ದ್ವೀಪಕ್ಕೆ ಹೋಗಿ ಕರಾರು ಮಾಡಿಸಿಕೊಂಡರು. ವರ್ಷಕ್ಕೆ 50 ಪೌಂಡು, ಇಲ್ಲವೆ ಅಷ್ಟು ಬೆಲೆಯ ಸರಕು. ಅವಧಿ 999 ವರ್ಷ! ಸಹಿ ಮಾಡಿದವನನ್ನು ರಾಜನೆಂದು ಬರೆದುಕೊಂಡರು. ಇಡೀ ದ್ವೀಪಕ್ಕೊಬ್ಬ ರಾಜನೆಂಬುವನು ಅಲ್ಲಿ ಇರಲೇ ಇಲ್ಲ.

1902ರಲ್ಲಿ ಪೆಸಿಫಿಕ್ ಫಾಸ್ಫೇಟ್ ಕಂಪನಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ನೌರುವಿನಲ್ಲಿಯೂ ಅಗೆತ ಮೊದಲಾಯಿತು. 1920ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸರ್ಕಾರಗಳು ಸುಮಾರು 35 ಲಕ್ಷ ಪೌಂಡಿಗೆ ಉದ್ಯಮವನ್ನು ಕೊಂಡು, ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆಗೆ ಒಪ್ಪಿಸಿದವು. ಈ ಸಂಸ್ಥೆ ತನ್ನ ದೇಶಗಳ ರೈತರಿಗೆ ಹೆಚ್ಚುಕಡಿಮೆ ಖರ್ಚಿನ ಬೆಲೆಗೇ ಕಲ್ಲನ್ನು ಮಾರಿತು. ಖಾತೆಯಲ್ಲಿ ಲಾಭ ಕಾಣಲಿಲ್ಲ. ಲಾಭವೆಲ್ಲ ದೂರದ ಹೊಲಗಳ ಗೋದಿಯಲ್ಲಿ, ಹುಲ್ಲಿನಲ್ಲಿ ಬೆಳೆಯಿತು. ನೆಲದ ಒಡೆಯರಿಗೆ ಸಿಕ್ಕಿದ್ದು ಅಲ್ಪ ರಾಯಧನ. ಅವರ ಅಸಲು ಹಡಗು ಹಡಗಾಗಿ ಕರಗುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬನಾಬದ ಜನರನ್ನು ಬೇರೆ ದ್ವೀಪಗಳಿಗೆ ಅಟ್ಟಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಅಧಿಕಾರಿಗಳು ಅವರನ್ನು ಊರಿಗೆ ಮರಳಿಸದೆ, 1945ರ ಡಿಸೆಂಬರ್ 15ರಂದು ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಿದರು. ಆ ದ್ವೀಪವನ್ನು 1942ರಲ್ಲಿ ಕೊಂಡದ್ದು ಬನಾಬದವರ ನಿಧಿಯ ಹಣದಿಂದಲೇ! ಗಣಿ 1979ರಲ್ಲಿ ನಿಂತಿತು. ಆ ವೇಳೆಗೆ ಬನಾಬದ ಬಹುಭಾಗ ಮೊನಚು ಕಲ್ಲುಗಂಬಗಳ ಕಾಡಾಗಿತ್ತು.

ನೌರುವಿನ ಜನ 1968ರಲ್ಲಿ ಸ್ವತಂತ್ರರಾಗಿ ಗಣಿಯನ್ನು ಕೊಂಡುಕೊಂಡರು. ಮುಂದಿನ ಪೀಳಿಗೆಗೆಂದು ನಿಧಿಯನ್ನೂ ಕೂಡಿಟ್ಟರು. ಆದರೆ ದುಂದಿನಿಂದಲೂ ತಪ್ಪು ಹೂಡಿಕೆಗಳಿಂದಲೂ ಅದು ಬಹುಪಾಲು ಕರಗಿತು. ಒಡೆತನ ಬಂದ ಮಾತ್ರಕ್ಕೆ ಅಸಲು ಉಳಿಯಲಾರದು.

ಬಂಧುಗಳೆ, ನಾವೂ ಊರು ಬಿಟ್ಟು ಬಂದವರೇ. ಆದರೆ ನಮ್ಮ ಊರು ಅಲ್ಲಿಯೇ ಇದೆ. ರಜೆಯಲ್ಲಿ ರೈಲು ಹತ್ತಿದರೆ ಸಿಗುತ್ತದೆ. ರಾಂಬಿಯ ಜನ ಡಿಸೆಂಬರ್ 15ನ್ನು ಹಾಡು ಕುಣಿತಗಳಿಂದ ಆಚರಿಸುತ್ತ, ಬನಾಬದವರೆಂಬ ಹೆಸರನ್ನು ಉಳಿಸಿಕೊಂಡಿದ್ದಾರೆ. ಮಣ್ಣು ಹೋದರೂ ಅವರು ಬಿಡದ ಅಸಲು ಅದು. ನಮ್ಮ ಅಸಲು ನಮ್ಮ ನುಡಿ. ಅದನ್ನು ಮಕ್ಕಳ ಖಾತೆಗೆ ಪೂರ್ತಿಯಾಗಿ ಜಮಾ ಮಾಡೋಣ.