ಕೆಲಸ ಹೋದಾಗ ಕಾಯಕ ಎಲ್ಲಿರುತ್ತದೆ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ನಾನು ಪ್ರವಚನಕಾರನಲ್ಲ, ವಚನ ಸಾಹಿತ್ಯದ ವಿದ್ವಾಂಸನೂ ಅಲ್ಲ. ಇದೇ ಹುಬ್ಬಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಹತ್ತೊಂಬತ್ತು ವರ್ಷ ನಟ್ಟು, ಬೋಲ್ಟು, ಬೇರಿಂಗುಗಳ ಲೆಕ್ಕ ಇಟ್ಟವನು. ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿದ್ದೆ. ಆ ಏಳು ತಿಂಗಳಲ್ಲಿ ನಾನು ಕಲಿತದ್ದನ್ನು ಹೇಳಬೇಕೆಂದು ಶ್ರೀಗಳು ಅಪ್ಪಣೆ ಕೊಟ್ಟಿದ್ದಾರೆ. ಕಲಿತದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಎರಡನ್ನೂ ಹೇಳುತ್ತೇನೆ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಕೆಲಸ ಹೋದ ಮೇಲೆ ಹನ್ನೊಂದು ದಿನ ನಾನು ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಮನೆಯವರು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಡುತ್ತಿದ್ದೆ. ಉಣಕಲ್ ಕೆರೆಯ ದಂಡೆಯ ಮೇಲೆ ಕುಳಿತು, ಅಲ್ಲಿಯೇ ಬುತ್ತಿ ಉಂಡು, ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದೆ. ಆಕೆ ದಿನವಿಡೀ ಹೊಲಿಗೆ ಮಷಿನ್ ತುಳಿದು, ಜಂಪರ್ ಹೊಲಿದು ಗಳಿಸಿದ ದುಡ್ಡಿನ ರೊಟ್ಟಿ ಅದು. ಅದನ್ನು ಕೆರೆಯ ದಂಡೆಯಲ್ಲಿ ಸುಳ್ಳಿನ ಜೊತೆ ಉಣ್ಣುತ್ತಿದ್ದೆ.

ಯಾಕೆ ಹೇಳಲಿಲ್ಲ? ನಾವು ಲಿಂಗಾಯತರು ಕಾಯಕದ ಬಗ್ಗೆ ಬಹಳ ಮಾತಾಡುತ್ತೇವೆ. ಬಸವ ಜಯಂತಿಯ ದಿನ ಪ್ರತಿ ವೇದಿಕೆಯ ಮೇಲೂ ಆಡುತ್ತೇವೆ. ದುಡಿಯದವನಿಗೆ ಉಣ್ಣುವ ಹಕ್ಕಿಲ್ಲ ಎಂದು ನಾನೇ ನಮ್ಮ ಓಣಿಯ ಹುಡುಗರಿಗೆ ಹೇಳಿದ್ದೇನೆ. ನನ್ನ ಕೆಲಸವೇ ಹೋದಾಗ ಆ ಮಾತು ನನ್ನನ್ನೇ ಹಿಡಿಯಿತು. ಪಗಾರ ಇಲ್ಲ, ಆದ್ದರಿಂದ ಕಾಯಕ ಇಲ್ಲ. ಕಾಯಕ ಇಲ್ಲ, ಆದ್ದರಿಂದ ದಾಸೋಹ ಇಲ್ಲ. ಹಾಗಾದರೆ ಎದೆಯ ಮೇಲೆ ಲಿಂಗ ಧರಿಸುವ ಯೋಗ್ಯತೆಯಾದರೂ ಉಳಿದಿದೆಯೇ ಎಂದು ಮನಸ್ಸು ಕೇಳುತ್ತಿತ್ತು.

ಇದು ನನ್ನೊಬ್ಬನ ಪ್ರಶ್ನೆಯಲ್ಲ. ಈ ಸಭೆಯಲ್ಲಿಯೂ ಯಾರಾದರೂ ಇದೇ ಪ್ರಶ್ನೆಯನ್ನು ಒಳಗಿಟ್ಟುಕೊಂಡು ಕುಳಿತಿರಬಹುದು. ಅವರಿಗಾಗಿಯೇ ಈ ಮಾತು.

ಹನ್ನೆರಡನೆಯ ದಿನ ಮಳೆ ಬಂತು. ಕೆರೆಯ ದಂಡೆಯಲ್ಲಿ ಕೂರಲಾಗದೆ ಒಂದು ಬ್ಯಾಂಕಿನೊಳಗೆ ಹೋಗಿ ನಿಂತೆ. ಅಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ಪಾಸ್‌ಬುಕ್ ಹಿಡಿದು ಕುಳಿತಿದ್ದರು. ನನ್ನನ್ನು ನೋಡಿ, "ತಮ್ಮಾ, ಬಾ ಇಲ್ಲೆ. ಐದು ತಿಂಗಳಾತು, ಗೃಹಲಕ್ಷ್ಮಿ ರೊಕ್ಕ ಬಂದಿಲ್ಲ. ಇವರು ಏನೋ ಹೇಳತಾರ, ನನಗ ತಿಳಿಯಂಗಿಲ್ಲ. ನೀ ಒಂಚೂರು ನೋಡು" ಎಂದರು.

ಹನ್ನೊಂದು ಗಂಟೆಗೆ ನೀನು ಕಾರ್ಖಾನೆಯಲ್ಲಿ ಇರಬೇಕಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲಿಂದಲೂ ಓಡಿಹೋಗುತ್ತಿದ್ದೆ.

2023ರ ಆಗಸ್ಟ್‌ನಲ್ಲಿ ಶುರುವಾದ ಆ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರಬೇಕು ಎಂಬುದು ನಿಮಗೆಲ್ಲ ಗೊತ್ತು. ಆ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ನಮಗೆ ಎರಡು ಮೂರು ಖಾತೆ ಇದ್ದರೆ, ಕೊನೆಗೆ ಯಾವುದಕ್ಕೆ ಆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಅಜ್ಜಿ ಆರು ತಿಂಗಳ ಹಿಂದೆ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅಲ್ಲಿ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಿದ್ದರು. ಅವರನ್ನು ಕರೆದುಕೊಂಡು ಆ ಬ್ಯಾಂಕಿಗೆ ಹೋದೆ. ಐದು ತಿಂಗಳ ಹಣ, 10,000 ರೂಪಾಯಿ, ಅಲ್ಲಿಯೇ ಇತ್ತು. ಯಾರೂ ಕದ್ದಿರಲಿಲ್ಲ, ಯಾರೂ ತಡೆದಿರಲಿಲ್ಲ. ಹೇಳುವವರು ಇರಲಿಲ್ಲ, ಅಷ್ಟೆ.

ಅವತ್ತು ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹನ್ನೊಂದು ದಿನ ಒಬ್ಬರ ಕುಂತು ಉಂಡ್ರಲ್ಲ" ಎಂದರು. ಸಿಟ್ಟು ಕೆಲಸ ಹೋದದ್ದಕ್ಕಲ್ಲ, ಒಬ್ಬನೇ ಕುಳಿತು ಉಂಡದ್ದಕ್ಕೆ.

ಮರುದಿನದಿಂದ ಓಣಿಯವರು ಬರತೊಡಗಿದರು. ಅಜ್ಜಿ ಎಲ್ಲರಿಗೂ ಹೇಳಿದ್ದರು. ಒಬ್ಬರ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಒಬ್ಬರಿಗೆ ವಿಧವಾ ವೇತನದ ಅರ್ಜಿ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವ ಒಬ್ಬ ಹಿರಿಯರಿಗೆ ಜೊತೆಗೆ ಬರಲು ಜನ ಇರಲಿಲ್ಲ. ಇವೆಲ್ಲ ದೊಡ್ಡ ಕೆಲಸಗಳಲ್ಲ. ಆದರೆ ಹಗಲು ಹೊತ್ತು ಬಿಡುವಿರುವ, ಓದು ಬರಹ ಬಲ್ಲ ಒಬ್ಬ ಮನುಷ್ಯ ಬೇಕು. ದುಡಿಯುವ ಓಣಿಯಲ್ಲಿ ಅಂಥ ಮನುಷ್ಯ ಸಿಗುವುದಿಲ್ಲ. ಕಚೇರಿಗಳು ತೆರೆದಿರುವ ಹೊತ್ತಿನಲ್ಲಿಯೇ ಎಲ್ಲರೂ ಕೂಲಿಗೆ ಹೋಗಿರುತ್ತಾರೆ. ನನ್ನ ಬಳಿ ಇದ್ದದ್ದು, ನಾನು ನಾಚಿಕೊಂಡು ಬಚ್ಚಿಟ್ಟಿದ್ದು, ಆ ಹಗಲು ಹೊತ್ತೇ ಆಗಿತ್ತು.

ಒಂದು ಪ್ರಸಂಗವನ್ನು ಮರೆಯಲಾರೆ. ಹಳೆಯ ಹತ್ತಿ ಮಿಲ್ಲಿನಲ್ಲಿ ದುಡಿದ ಕಾಕಾ ಒಬ್ಬರು ಬಂದರು. ಪಿಎಫ್ ಪಿಂಚಣಿ ನಿಂತಿತ್ತು. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ಜೀವನ ಪ್ರಮಾಣ ಕೊಡಬೇಕಲ್ಲ, ಅದಕ್ಕೆ ಬೆರಳು ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ ನೋಡಿದ್ದರಂತೆ. ಮಿಲ್ಲಿನಲ್ಲಿ ನೂಲು ಎಳೆದೆಳೆದು ಬೆರಳಿನ ಗೆರೆಗಳು ಸವೆದುಹೋಗಿದ್ದವು. ಅವರು ಕೈ ಚಾಚಿ ನಕ್ಕು, "ನೋಡು ತಮ್ಮಾ, ದುಡಿದೂ ದುಡಿದೂ ನಾ ಸತ್ತೀನಿ ಅಂತ ಆತು" ಎಂದರು.

ಶರಣ ಬಂಧುಗಳೇ, ಕಾಯಕ ಮಾಡಿದ ಕೈಯನ್ನೇ ಗುರುತಿಸದ ವ್ಯವಸ್ಥೆಯ ಮುಂದೆ ಆ ಕೈ ಹಿಡಿದು ನಿಲ್ಲುವವರು ಬೇಡವೇ? ಮೊಬೈಲಿನಲ್ಲಿ ಮುಖ ತೋರಿಸಿ ಆ ಪ್ರಮಾಣ ಕೊಡುವ ಅನುಕೂಲ ಈಗ ಇದೆ. ಅದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಕೇಳಿ, ಕಲಿತು, ಮೂರನೆಯ ದಿನ ಮಾಡಿಕೊಟ್ಟೆ.

ಇಲ್ಲಿಯವರೆಗೆ ಹೇಳಿದ್ದು ಚೆಂದ ಕಾಣುತ್ತದೆ. ಇನ್ನು ತಪ್ಪಿದ್ದನ್ನು ಹೇಳುತ್ತೇನೆ.

ಎರಡು ತಿಂಗಳಲ್ಲಿ ನನಗೆ ಹೆಸರು ಬಂತು. ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿಯುತ್ತಿದ್ದರು. "ಇವರಿಲ್ಲದಿದ್ದರೆ ನಮ್ಮ ಓಣಿಯ ಗತಿ ಏನು" ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಅದು ಸಿಹಿಯಾಗಿತ್ತು. ಕಾರ್ಖಾನೆಯಿಂದ ಹೊರಗೆ ಹಾಕಿಸಿಕೊಂಡವನಿಗೆ ಆ ಮಾತಿನ ರುಚಿ ಹತ್ತಿದರೆ ಬಿಡುವುದಿಲ್ಲ. ನಾನು ಕೆಲಸ ಹುಡುಕುವುದನ್ನೇ ಬಿಟ್ಟೆ. ಎಲ್ಲಿಗೂ ಅರ್ಜಿ ಹಾಕಲಿಲ್ಲ. ಒಂದು ರಾತ್ರಿ ಮನೆಯವರು ಹೊಲಿಗೆ ನಿಲ್ಲಿಸಿ ಕೇಳಿದರು: "ಓಣಿ ಮಂದಿದೆಲ್ಲಾ ಹಾಳಿ ತುಂಬತೀರಿ. ನಿಮ್ಮ ಹಾಳಿ ಯಾರು ತುಂಬಬೇಕು?"

ಅವತ್ತು ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದು ನಮಗೆ ಬೇಡ, ತಿರುಗಿ ಚೆಲ್ಲಿ ಬಾ ಎಂದು ಲಕ್ಕಮ್ಮ ಗಂಡನನ್ನು ಕಳಿಸಿದಳು. ಈ ಕಥೆಯನ್ನು ನಾವು ಹಣದ ಆಸೆಗೆ ಮದ್ದು ಎಂದು ಹೇಳುತ್ತ ಬಂದಿದ್ದೇವೆ. ಆದರೆ ಹೆಚ್ಚಾಗಿ ತರುವುದು ಅಕ್ಕಿಯನ್ನೇ ಆಗಬೇಕಿಲ್ಲ. ಹೊಗಳಿಕೆಯನ್ನೂ ಹೆಚ್ಚಾಗಿ ತರಬಹುದು. ನಾನು ದಿನಾ ಮೂಟೆಗಟ್ಟಲೆ ತರುತ್ತಿದ್ದೆ. ನನ್ನ ಮನೆಯ ಲಕ್ಕಮ್ಮ ಅದನ್ನು ತಿರುಗಿ ಚೆಲ್ಲಿ ಬರಲು ಹೇಳಿದರು.

ದಾಸೋಹ ಎಂದರೆ ನಾನು ದಾಸ ಎಂಬ ಭಾವ. ಕೊಡುತ್ತ ಕೊಡುತ್ತ ನಾನು ಒಡೆಯ ಎಂಬ ಭಾವ ಬಂದರೆ ಅದು ದಾಸೋಹವಲ್ಲ, ಪಗಾರವಿಲ್ಲದ ದೊಡ್ಡಸ್ತಿಕೆ.

ಇನ್ನೊಂದು ತಪ್ಪು. ಯಾರು ಕರೆದರೂ ಹೋಗುತ್ತಿದ್ದೆ. "ನಿಮಗೇನು, ಕೆಲಸ ಇಲ್ಲಲ್ಲ, ಬರ್ರಿ" ಎಂದು ಮದುವೆ ಮನೆಯಲ್ಲಿ ವಾಹನ ನಿಲ್ಲಿಸಲು ಕರೆದರು, ಹೋದೆ. ಒಬ್ಬ ಅಂಗಡಿಯವರು ಜಿಎಸ್‌ಟಿ ಲೆಕ್ಕ ಬರೆದುಕೊಡಲು ಕರೆದರು, ಒಂದು ತಿಂಗಳು ಪುಕ್ಕಟೆ ಬರೆದೆ. ಆಮೇಲೆ ತಿಳಿಯಿತು, ಮೊದಲು ಆ ಲೆಕ್ಕ ಬರೆಯುತ್ತಿದ್ದ ಹುಡುಗನಿಗೆ ಅವರು ತಿಂಗಳಿಗೆ ಮೂರು ಸಾವಿರ ಕೊಡುತ್ತಿದ್ದರು. ನಾನು ಪುಕ್ಕಟೆ ಬಂದೆನೆಂದು ಅವನನ್ನು ಬಿಡಿಸಿದ್ದರು. ಸೇವೆ ಎಂದುಕೊಂಡು ನಾನು ಇನ್ನೊಬ್ಬನ ಅನ್ನ ಕಸಿದಿದ್ದೆ. ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂಗಡಿಯವರಿಗೆ ಅವನನ್ನೇ ಕರೆಯಿರಿ ಎಂದು ಹೇಳಿ ಬಂದೆ. ಕರೆದರೋ ಇಲ್ಲವೋ, ಮುಂದೆ ಅವನ ಮುಖ ನೋಡಿ ಕೇಳುವ ಧೈರ್ಯ ನನಗಾಗಲಿಲ್ಲ.

ಶರಣರ ಕಾಯಕದಲ್ಲಿ ಕೂಲಿಗೂ ಜಾಗವಿದೆ. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ಮಾಡಿದ. ಪುಕ್ಕಟೆ ಹಗ್ಗ ಹಂಚಲಿಲ್ಲ. ಕೊಡುವ ಶಕ್ತಿ ಇರುವವರಿಂದ ಸರಿಯಾದ ಕೂಲಿ ಪಡೆಯುವುದೂ ಧರ್ಮ. ಶಕ್ತಿ ಇಲ್ಲದವರ ಮುಂದೆ ಕೈ ಚಾಚದಿರುವುದೂ ಧರ್ಮ. ಈ ಎರಡನ್ನು ಬೆರೆಸಿದ್ದೇ ನನ್ನ ತಪ್ಪು.

ಆಮೇಲೆ ನಾವಿಬ್ಬರೂ ಕುಳಿತು ಕೆಲವು ನೇಮ ಮಾಡಿಕೊಂಡೆವು. ಬೆಳಿಗ್ಗೆ ಹನ್ನೊಂದರವರೆಗೆ ನನ್ನ ಕೆಲಸದ ಹುಡುಕಾಟ ಮತ್ತು ಕಂಪ್ಯೂಟರಿನಲ್ಲಿ ಸ್ಟೋರಿನ ಲೆಕ್ಕ ಇಡುವುದನ್ನು ಕಲಿಯುವುದು. ಹನ್ನೊಂದರಿಂದ ಎರಡರವರೆಗೆ ಓಣಿಯ ಕೆಲಸ. ಹಣ ಕೊಟ್ಟು ಮಾಡಿಸಿಕೊಳ್ಳಬಲ್ಲವರಿಗೆ ಪುಕ್ಕಟೆ ಕೆಲಸ ಇಲ್ಲ. ಯಾರ ಪಾಸ್‌ಬುಕ್ಕೂ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಯಾರ ಎಟಿಎಂ ಪಿನ್ ಕೂಡ ಕೇಳುವುದಿಲ್ಲ. ಓಟಿಪಿ ಬಂದರೆ ಅವರೇ ಅಥವಾ ಅವರ ಮಕ್ಕಳು ಎದುರಿಗೆ ಕುಳಿತು ಹಾಕಬೇಕು. ಕೊನೆಯ ನೇಮ ಮನೆಯವರದು: ಒಂದು ಅರ್ಜಿ ತುಂಬುವಾಗ ಆ ಮನೆಯ ಒಬ್ಬ ಹುಡುಗ ಅಥವಾ ಹುಡುಗಿ ಪಕ್ಕದಲ್ಲಿ ಕುಳಿತು ಕಲಿಯಬೇಕು. ಎರಡನೆಯ ಸಲ ಅವರೇ ತುಂಬಬೇಕು. ಹೀಗೆ ಮಾಡಿದ ಮೇಲೆ ಬಾಗಿಲು ಬಡಿಯುವವರು ಕಡಿಮೆಯಾದರು. ಅದು ಒಳ್ಳೆಯದೇ ಆಯಿತು.

ಆ ಅಜ್ಜಿಯ ಮಾತು ಉಳಿದಿದೆ. ಹಣ ಸಿಕ್ಕ ದಿನ ನನ್ನ ಕೈಯಲ್ಲಿ ನೂರು ರೂಪಾಯಿ ಇಟ್ಟರು. ನಾನು ಬೇಡವೇ ಬೇಡ ಎಂದು ತಿರುಗಿ ಕೊಟ್ಟೆ. ಅವರ ಮುಖ ಸಣ್ಣದಾಯಿತು. ಹಣ ಮುಟ್ಟದಿದ್ದದ್ದು ಸರಿ, ಆದರೆ ಕೊಟ್ಟ ರೀತಿ ಸರಿ ಇರಲಿಲ್ಲ. ನೀನು ತೆಗೆದುಕೊಳ್ಳುವವಳು, ನಾನು ಕೊಡುವವನು ಎಂದು ಗೆರೆ ಎಳೆದಂತೆ ಆಗಿತ್ತು. ಒಂದು ವಾರದ ಮೇಲೆ ಮನೆಯವರು ಹೊಲಿಗೆಯಲ್ಲಿ ಉಳಿದ ಬಟ್ಟೆಯ ತುಂಡುಗಳನ್ನು ಒಯ್ದು, "ಅಜ್ಜಿ, ನಮಗೊಂದು ಕೌದಿ ಹೊಲಿದು ಕೊಡ್ರಿ" ಎಂದು ಕೇಳಿದರು. ಅಜ್ಜಿ ಎರಡು ತಿಂಗಳು ಕುಳಿತು ಹೊಲಿದರು. ನಾವು ಕೂಲಿ ಕೊಡಲು ಹೋದಾಗ, "ಈಗ ನಿನಗ ಗೊತ್ತಾತೇನು, ತಿರುಗಿ ಕೊಟ್ರ ಹ್ಯಾಂಗ ಅನಸ್ತೈತಿ ಅಂತ" ಎಂದು ನಕ್ಕರು. ಆ ಕೌದಿ ಈಗಲೂ ನಮ್ಮ ಹಾಸಿಗೆಯ ಮೇಲಿದೆ. ಕಲ್ಯಾಣದಲ್ಲಿ ಹಗ್ಗ ಹೊಸೆಯುವವನೂ ಕಸ ಗುಡಿಸುವವಳೂ ಮಂತ್ರಿಯೂ ಒಂದೇ ಸಾಲಿನಲ್ಲಿ ಕುಳಿತರು ಎಂದು ಹೇಳುತ್ತೇವಲ್ಲ, ಅದು ಹೇಗೆ ಸಾಧ್ಯವಾಗಿರಬೇಕು ಎಂಬುದು ನನಗೆ ಆ ಕೌದಿಯಿಂದ ತಿಳಿಯಿತು. ಅಲ್ಲಿ ಬರೀ ಕೊಡುವವರು, ಬರೀ ತೆಗೆದುಕೊಳ್ಳುವವರು ಎಂದು ಯಾರೂ ಇರಲಿಲ್ಲ.

ಏಳನೆಯ ತಿಂಗಳು ಕೆಲಸ ಸಿಕ್ಕಿತು. ಮೊದಲು 24,000 ಬರುತ್ತಿತ್ತು, ಈಗ 17,000. ಸೇವೆ ಮಾಡಿದ್ದಕ್ಕೆ ದೇವರು ಕೆಲಸ ಕೊಟ್ಟ ಎಂದು ದಯವಿಟ್ಟು ತಿಳಿಯಬೇಡಿ. ಅರ್ಜಿ ಹಾಕಿದ್ದರಿಂದ, ಕಂಪ್ಯೂಟರ್ ಕಲಿತದ್ದರಿಂದ ಸಿಕ್ಕಿತು. ನನ್ನಷ್ಟೇ ಒಳ್ಳೆಯವರಾದ ಎಷ್ಟೋ ಜನರಿಗೆ ಇನ್ನೂ ಸಿಕ್ಕಿಲ್ಲ. ಲೇವಾದೇವಿ ಮಾಡುವ ದೇವರನ್ನು ಶರಣರು ನಂಬಲಿಲ್ಲ.

ಕೆಲಸ ಎಂಬುದು ಇನ್ನೊಬ್ಬರು ಕೊಡುವುದು. ಅವರು ಕೊಟ್ಟದ್ದನ್ನು ಅವರು ಕಸಿದುಕೊಳ್ಳಬಹುದು. ಕಾಯಕ ಹಾಗಲ್ಲ, ಅದನ್ನು ನಾವೇ ಬಿಟ್ಟರೆ ಮಾತ್ರ ಹೋಗುತ್ತದೆ. ಆದರೆ ಈ ಮಾತನ್ನು ಕೆಲಸವಿಲ್ಲದವನ ಎದುರು ಉಪದೇಶವಾಗಿ ಹೇಳಬೇಡಿ. ಅವನ ಮನೆಯ ಒಲೆ ಉರಿಯುತ್ತಿದೆಯೇ ಎಂದು ಮೊದಲು ನೋಡಿ.

ಆದ್ದರಿಂದ ಪೂಜ್ಯರಲ್ಲಿ ಮತ್ತು ನಿಮ್ಮಲ್ಲಿ ಎರಡು ವಿನಂತಿ. ಒಂದು, ಮಠದಲ್ಲಿ ಒಂದು ವಹಿ ಇಡೋಣ. ಅದರ ಒಂದು ಬದಿಯಲ್ಲಿ ಕೆಲಸ ಹುಡುಕುತ್ತಿರುವವರು ತಮಗೆ ಬರುವ ಕೆಲಸವನ್ನು ಬರೆಯಲಿ. ಇನ್ನೊಂದು ಬದಿಯಲ್ಲಿ ಅಂಗಡಿ, ಕಾರ್ಖಾನೆ ಇರುವ ನಮ್ಮ ಸಮಾಜದವರು ಖಾಲಿ ಇರುವ ಕೆಲಸವನ್ನು, ಪಗಾರದ ಸಮೇತ ಬರೆಯಲಿ. ಜಾತಿ ಕೇಳುವುದು ಬೇಡ. ಎರಡು, ಮಠದ ಕಾರ್ಯಕ್ರಮಗಳಿಗೆ ದುಡಿಯಲು ಕೆಲಸವಿಲ್ಲದ ಹುಡುಗರನ್ನೇ ಕರೆಯುವ ರೂಢಿ ಬಿಡೋಣ. ಚಪ್ಪರ ಹಾಕಲು, ಎಲೆ ಎತ್ತಲು ಕೆಲಸ ಇರುವವರೂ ಬರಲಿ. ಕೆಲಸ ಇಲ್ಲದವನ ಹೊತ್ತಿಗೆ ಬೆಲೆ ಇಲ್ಲ ಎಂದು ನಾವೇ ಕಲಿಸುವುದು ಬೇಡ.

ಪ್ರತಿ ರವಿವಾರ ಪೂಜೆಯ ನಂತರ ಎರಡು ತಾಸು ನಾನು ಇದೇ ಮಠದ ಪಡಸಾಲೆಯಲ್ಲಿ ಕುಳಿತಿರುತ್ತೇನೆ. ಅರ್ಜಿ ತುಂಬಿಸುವವರು ಬರಬಹುದು. ತುಂಬಲು ಕಲಿಯುವವರೂ ಬರಬಹುದು. ಬುತ್ತಿ ಹಿಡಿದು ಎಲ್ಲಿಯಾದರೂ ಒಬ್ಬರೇ ಕೂರುತ್ತಿರುವವರು ಯಾರಾದರೂ ಇದ್ದರೆ, ಅವರೂ ಬರಲಿ. ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಕೂಡಿ ಉಣ್ಣೋಣ.