ಇಬ್ಬರೇ ಉಂಡ ಊಟ

ಈ ಸಂಜೆ ನಾನು ಆಡಬೇಕೆಂದಿರುವ ಮಾತು ಊಟವನ್ನು ಕುರಿತದ್ದು. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ಒಲೆಯ ಮೇಲೆ ಸಾರು ಕುದಿಯುತ್ತಿರಬಹುದು. ಹಸಿದವರ ಮುಂದೆ ಕುಳಿತು ತಾನು ಉಂಡ ಊಟವನ್ನು ವರ್ಣಿಸುವುದು ಸಭ್ಯರ ಲಕ್ಷಣವಲ್ಲವೆಂದು ನಾನು ಬಲ್ಲೆ. ಆದರೆ ಈ ಕಥೆಯಲ್ಲಿ ನನ್ನ ಜಾಣತನಕ್ಕಿಂತ ಪೆದ್ದುತನವೇ ಹೆಚ್ಚಾಗಿರುವುದರಿಂದ ಶ್ರೋತೃಗಳು ಕ್ಷಮಿಸುವರೆಂದು ನಂಬಿದ್ದೇನೆ.

ಕಳೆದ ಜೂನ್ ತಿಂಗಳಲ್ಲಿ ಅಧ್ಯಾಪಕರ ಗೋಷ್ಠಿಯೊಂದರ ಸಲುವಾಗಿ ನಾನು ಫ್ರಾನ್ಸ್ ದೇಶದ ಲಿಯೋನ್ ನಗರಕ್ಕೆ ಹೋಗಬೇಕಾಯಿತು. ನನ್ನಾಕೆಯೂ ಜೊತೆಗೆ ಬರಬೇಕೆಂದು ಹಟ ಹಿಡಿದವರು ನಮ್ಮ ತಾಯಿ. "ಮಕ್ಕಳಿಗೆ ಸ್ಕೂಲು ಶುರುವಾಗಿದೆ, ಅವರು ಇಲ್ಲೇ ಇರಲಿ. ನಾನೇನು ಅನ್ನ ಬೇಯಿಸಲಾರದಷ್ಟು ಮುದುಕಿಯಾಗಿಲ್ಲ. ನೀನು ಹೋಗಿ ಬಾರಮ್ಮ" ಎಂದು ಸೊಸೆಗೆ ಹೇಳಿದರು. ಹೀಗೆ ಮದುವೆಯಾಗಿ 16 ವರ್ಷಗಳಾದ ಮೇಲೆ, ಮಗಳನ್ನೂ ಮಗನನ್ನೂ ಮೈಸೂರಿನಲ್ಲಿ ಬಿಟ್ಟು ನಾವಿಬ್ಬರೇ ಹೊರಟೆವು. ಹೊರಡುವ ಹಿಂದಿನ ವಾರವೆಲ್ಲ ಆಕೆ ಹುಳಿಪುಡಿ, ಚಟ್ನಿಪುಡಿ, ಸಾರಿನ ಪುಡಿಗಳನ್ನು ಕುಟ್ಟಿ ಡಬ್ಬಗಳಿಗೆ ತುಂಬಿ, ಚೀಟಿ ಅಂಟಿಸಿ, ಯಾವ ವಾರ ಯಾವ ಪಲ್ಯವೆಂದು ಒಂದು ಪಟ್ಟಿಯನ್ನೂ ಬರೆದಿಟ್ಟಳು. ನಮ್ಮ ತಾಯಿ ಆ ಪಟ್ಟಿಯನ್ನು ಒಮ್ಮೆಯೂ ನೋಡಲಿಲ್ಲವೆಂದು ಹಿಂತಿರುಗಿದ ಮೇಲೆ ತಿಳಿಯಿತು.

ಲಿಯೋನ್ ನಗರವು ರೋನ್ ಮತ್ತು ಸೋನ್ ಎಂಬ ಎರಡು ನದಿಗಳ ಸಂಗಮದಲ್ಲಿದೆ. ಫ್ರೆಂಚರು ಅದನ್ನು ತಮ್ಮ ಅಡಿಗೆಯ ರಾಜಧಾನಿಯೆಂದು ಎಣಿಸುತ್ತಾರೆ. ಆದರೆ ಆ ಕೀರ್ತಿಯೆಲ್ಲ ಬಹುಮಟ್ಟಿಗೆ ಹಂದಿ, ಕೋಳಿ, ಮೀನುಗಳ ಬೆನ್ನೇರಿ ಬಂದದ್ದು. ನಾವಾದರೋ ಸಸ್ಯಾಹಾರಿಗಳು. ಮೊಟ್ಟೆ ನನಗೆ ಒಗ್ಗುತ್ತದೆ. ಆಕೆಗೆ ಒಗ್ಗದು, ಆದರೆ ಕೇಕಿನಲ್ಲಿ ಅದು ಇದೆಯೇ ಎಂದು ಆಕೆ ಕೇಳುವುದಿಲ್ಲ. ಕೇಳದಿರುವ ಈ ವಿವೇಕವನ್ನು ನೀವು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಮೊದಲ ದಿನವೇ ನಮಗೆ ಏಕಾದಶಿಯಾಗುವುದರಲ್ಲಿತ್ತು. ಅಲ್ಲಿ ಮಧ್ಯಾಹ್ನದ ಊಟವೆಂದರೆ 12 ರಿಂದ 2 ಗಂಟೆಯವರೆಗೆ; ರಾತ್ರಿಯ ಊಟ 7 ಗಂಟೆಯ ನಂತರ. ನಡುವೆ ಬಹುತೇಕ ಭೋಜನಗೃಹಗಳಲ್ಲಿ ಒಲೆ ಆರಿರುತ್ತದೆ. ನಾವು 3 ಗಂಟೆಗೆ ಹೊಟ್ಟೆ ಹಸಿದು ಬೀದಿಗೆ ಇಳಿದೆವು. ಮೂರು ಬಾಗಿಲುಗಳಲ್ಲಿ ವಿನಯದಿಂದ ಇಲ್ಲವೆಂದರು. ನಾಲ್ಕನೆಯದರಲ್ಲಿ ವಿನಯವೂ ಇರಲಿಲ್ಲ. ಕೊನೆಗೆ ರೊಟ್ಟಿಯಂಗಡಿಯೊಂದು ಕಾಪಾಡಿತು. ಬಾಗೆತ್ ಎಂಬ ಆ ಉದ್ದನೆಯ ರೊಟ್ಟಿಯ ವಿಷಯದಲ್ಲಿ ಫ್ರೆಂಚರಿಗೆ ಧರ್ಮಶಾಸ್ತ್ರವೇ ಉಂಟು. 1993 ರಲ್ಲಿ ಹೊರಟ ಸರ್ಕಾರದ ಶಾಸನವೊಂದರ ಪ್ರಕಾರ, 'ಪಾರಂಪರಿಕ' ಎಂಬ ಹೆಸರಿನಿಂದ ಮಾರುವ ರೊಟ್ಟಿಯ ಹಿಟ್ಟನ್ನು ಯಾವ ಹಂತದಲ್ಲಿಯೂ ಹಿಮಗಟ್ಟಿಸಕೂಡದು, ಅದಕ್ಕೆ ಕೃತಕ ದ್ರವ್ಯಗಳನ್ನು ಬೆರೆಸಕೂಡದು. 2022 ರಲ್ಲಿ ಯುನೆಸ್ಕೋ ಸಂಸ್ಥೆ ಬಾಗೆತ್ ಮಾಡುವ ಕುಶಲತೆಯನ್ನೂ ಅದರ ಸುತ್ತಣ ರೂಢಿಯನ್ನೂ ಲೋಕದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಬಿಸಿ ರೊಟ್ಟಿಯ ತುದಿಯನ್ನು ಮುರಿದು ತಿನ್ನುತ್ತ ಬೀದಿಯಲ್ಲಿ ನಡೆಯುವುದು ಅಲ್ಲಿ ಅನಾಗರಿಕತೆಯಲ್ಲ. ನಾವೂ ಹಾಗೆಯೇ ನಡೆದೆವು. ನನ್ನಾಕೆ ಬೀದಿಯಲ್ಲಿ ತಿನ್ನುತ್ತ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಸಂಜೆ ಕ್ರುವಾ-ರುಸ್ ಎಂಬ ಗುಡ್ಡಕ್ಕೆ ಹತ್ತಿದೆವು. ಹಿಂದೆ ರೇಷ್ಮೆ ನೇಯುವವರು ಅಲ್ಲಿ ವಾಸವಾಗಿದ್ದರು. ಎತ್ತರದ ಮಗ್ಗಗಳಿಗಾಗಿ ಕಟ್ಟಿದ ಎತ್ತರದ ಮನೆಗಳು ಈಗಲೂ ಇವೆ. ಆ ನೇಕಾರರಿಗೆ ಕಾನ್ಯು ಎಂದು ಹೆಸರು. ಕೂಲಿಗಾಗಿ ಅವರು 1831 ರಲ್ಲಿಯೂ 1834 ರಲ್ಲಿಯೂ ದಂಗೆಯೆದ್ದರು. ಅಲ್ಲಿಯ ಒಂದು ಚಿಕ್ಕ ಭೋಜನಗೃಹದಲ್ಲಿ ಕುಳಿತು ಭಕ್ಷ್ಯಗಳ ಪಟ್ಟಿಯನ್ನು ನೋಡಿದಾಗ ಮೊದಲಿಗೇ ಕಂಡದ್ದು 'ಸರ್ವೆಲ್ ದ ಕಾನ್ಯು'. ಭಾಷಾ ಪಾಂಡಿತ್ಯವನ್ನು ತೋರಿಸುವ ಅವಕಾಶವನ್ನು ಮೇಷ್ಟರು ಬಿಟ್ಟಾರೆಯೇ? "ನೇಕಾರನ ಮಿದುಳು ಎಂದರ್ಥ" ಎಂದೆ. ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. ಬಡಿಸುವಾತನು ನಗುತ್ತ ಒಂದು ಬಟ್ಟಲಲ್ಲಿ ಅದನ್ನೇ ತಂದಿಟ್ಟನು. ಅದರಲ್ಲಿ ಮಿದುಳೂ ಇಲ್ಲ, ಮಾಂಸವೂ ಇಲ್ಲ. ಹಸಿ ಚೀಸನ್ನು ಕಡೆದು, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸುರು ಸೊಪ್ಪು, ಉಪ್ಪು, ಮೆಣಸು, ಆಲಿವ್ ಎಣ್ಣೆ, ವಿನಿಗರ್ ಬೆರೆಸಿದ್ದು. ಆಕೆ ರೊಟ್ಟಿಯ ಚೂರೊಂದನ್ನು ಅದ್ದಿ ಬಾಯಿಗಿಟ್ಟು, "ಇದು ಮೊಸರುಬಜ್ಜಿ ಅಲ್ಲವೇನ್ರೀ!" ಎಂದಳು. ಒಂದು ಒಗ್ಗರಣೆ ಬಿದ್ದಿದ್ದರೆ ಸರಿಹೋಗುತ್ತಿತ್ತೆಂಬುದು ಆಕೆಯ ತೀರ್ಮಾನ.

ಅದರ ಹಿಂದೆಯೇ ಬಂದದ್ದು ಗ್ರಾತೆಂ. ಆಲೂಗೆಡ್ಡೆಯನ್ನು ತೆಳುವಾಗಿ ಹೆಚ್ಚಿ, ಹಾಲು ಕೆನೆಗಳಲ್ಲಿ ಮುಳುಗಿಸಿ, ಬೆಳ್ಳುಳ್ಳಿಯ ವಾಸನೆ ತಾಕಿಸಿ, ಮೇಲೆ ಕೆಂಪಗೆ ಹೊಪ್ಪಳಿಕೆ ಕಟ್ಟುವವರೆಗೆ ಒಲೆಯ ಗೂಡಿನಲ್ಲಿ ಬೇಯಿಸುವ ಭಕ್ಷ್ಯವಿದು. ಕೆರೆಯುವುದು ಎಂಬರ್ಥದ ಫ್ರೆಂಚ್ ಧಾತುವಿನಿಂದ ಈ ಹೆಸರು ಬಂದಿದೆ; ಪಾತ್ರೆಗೆ ಹತ್ತಿದ್ದನ್ನು ಕೆರೆದು ತಿನ್ನುವ ಭಾಗವೇ ಇಲ್ಲಿ ಮುಖ್ಯ. ಇದನ್ನೂ ನಾನು ವಿವರಿಸಿದೆ. ಆಕೆ ಕೂಡಲೇ ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಮನೆಯಲ್ಲಿ ತಳ ಹತ್ತಿದ ಅನ್ನ ಯಾರು ತಿನ್ನುತ್ತಾರೆ, ಗೊತ್ತೇ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅನ್ನದ ತಳ ಹತ್ತುತ್ತದೆಂಬುದೇ ನನಗೆ ತಿಳಿದಿರಲಿಲ್ಲ.

ಫ್ರೆಂಚರ ಊಟದ ಕ್ರಮವನ್ನು ಕುರಿತು ಇಲ್ಲಿ ಎರಡು ಮಾತು ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಶ್ರೀಮಂತರ ಔತಣವೆಂದರೆ ಅನೇಕ ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುವುದು ಪದ್ಧತಿ. ಒಂದಾದ ಮೇಲೊಂದನ್ನು ತರುವ ರೀತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿತು, ಅದಕ್ಕೆ ರಷ್ಯದ ರೀತಿಯೆಂದೇ ಹೆಸರು. ನಮ್ಮ ಬಾಳೆಯೆಲೆ ಈ ಎರಡನ್ನೂ ಕೂಡಿಸಿಕೊಂಡಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಮೊದಲೇ ಎಲೆಯ ಮೇಲೆ ಕುಳಿತಿರುತ್ತವೆ. ತೊವ್ವೆ, ಸಾರು, ಹುಳಿ, ಮಜ್ಜಿಗೆಗಳು ಸರದಿಯಲ್ಲಿ ಬರುತ್ತವೆ. ವ್ಯತ್ಯಾಸವಿರುವುದು ವೇಗದಲ್ಲಿ. ನಾವು ಇಪ್ಪತ್ತು ನಿಮಿಷಗಳಲ್ಲಿ ಎಲೆ ಮಡಿಸುತ್ತೇವೆ. ಅಲ್ಲಿ ಒಂದು ತಟ್ಟೆ ಹೋಗಿ ಇನ್ನೊಂದು ಬರುವುದಕ್ಕೇ ಅಷ್ಟು ಹೊತ್ತು. 2010 ರಲ್ಲಿ ಯುನೆಸ್ಕೋ ಮನ್ನಣೆ ಕೊಟ್ಟಾಗಲೂ ಅದು ಫ್ರೆಂಚರ ಯಾವುದೊಂದು ಭಕ್ಷ್ಯಕ್ಕಲ್ಲ. ಹುಟ್ಟುಹಬ್ಬ, ಮದುವೆ ಮೊದಲಾದ ಸಂದರ್ಭಗಳಲ್ಲಿ ಜನ ಒಟ್ಟಿಗೆ ಕುಳಿತು ಸಾವಕಾಶವಾಗಿ ಉಣ್ಣುವ ಆ ಆಚಾರಕ್ಕೆ.

ಈ ಸಾವಕಾಶ ನಮಗೆ ಮೊದಲು ಹಿಂಸೆಯಾಯಿತು. ಎದುರುಬದುರು ಕುಳಿತಿದ್ದೇವೆ, ತಟ್ಟೆ ಬರಿದಾಗಿದೆ, ಮುಂದಿನದು ಬಂದಿಲ್ಲ. ಹತ್ತು ನಿಮಿಷ ಮಕ್ಕಳ ವಿಷಯ ಮಾತನಾಡಿದೆವು. ಅದು ಮುಗಿಯಿತು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ 9 ಗಂಟೆಯಾದರೂ ಸೂರ್ಯ ಮುಳುಗುವುದಿಲ್ಲ; ಹೊತ್ತಾಯಿತೆಂದು ಏಳುವುದಕ್ಕೂ ಆಗದು. ಹಾಗೆ ಬೇರೆ ದಾರಿಯಿಲ್ಲದೆ, ನಿಧಾನವಾಗಿ, ನಾವು ಮಾತಿಗೆ ತೊಡಗಿದೆವು. 16 ವರ್ಷಗಳಲ್ಲಿ ನಾವಿಬ್ಬರೂ ಒಂದೇ ಹೊತ್ತಿಗೆ ಕುಳಿತು, ಒಂದೇ ಬಿಸಿಯಲ್ಲಿ, ಯಾರೂ ಏಳದೆ ಉಂಡ ಊಟ ಅದು ಮೊದಲನೆಯದೆಂದು ಆಗ ಲೆಕ್ಕ ಹಾಕಿದೆವು.

ಕೊನೆಗೆ ಸಿಹಿ. ಕೆಂಪು ಸಕ್ಕರೆ ಹಚ್ಚಿದ ಬಾದಾಮಿಯಿಂದ ಮಾಡುವ ಹೂರಣದ ಒಂದು ಬಿಲ್ಲೆ ಲಿಯೋನಿನಲ್ಲಿ ಪ್ರಸಿದ್ಧ. ಆಕೆಗೆಂದು ನಾನು ಅದನ್ನೇ ಹೇಳಿದೆ. ಒಂದು ಚೂರು ತಿಂದು ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. "ಸಿಹಿ ನನಗೆ ಎಂದೂ ಹಿಡಿಸಿಲ್ಲ" ಎಂದಳು. ಪ್ರತಿ ವರ್ಷವೂ ಮದುವೆಯ ದಿನ ನಾನು ತಪ್ಪದೆ ಮೈಸೂರುಪಾಕನ್ನು ತಂದುಕೊಡುತ್ತಿದ್ದೆನಲ್ಲ, ಅದು? "ಮಕ್ಕಳು ತಿನ್ನುತ್ತಿದ್ದರು. ನೀವೂ ತಿನ್ನುತ್ತಿದ್ದಿರಿ." ಹಾಗಾದರೆ ಆಕೆಗೆ ಪ್ರಿಯವಾದದ್ದೇನು? ಮರುದಿನದ ಊಟದಲ್ಲಿ ಅದು ಗೊತ್ತಾಯಿತು. ಲಿಯೋನಿನ ದಕ್ಷಿಣದ ಬೆಟ್ಟಗಳಲ್ಲಿ ಮೇಕೆಯ ಹಾಲಿನಿಂದ ರಿಗೊತ್ ಎಂಬ ಪುಟ್ಟ ಚೀಸಿನ ಬಿಲ್ಲೆಗಳನ್ನು ಮಾಡುತ್ತಾರೆ. ಹುಳಿ, ಸ್ವಲ್ಪ ಉಪ್ಪು, ಕೊನೆಯಲ್ಲಿ ನಾಲಗೆಗೆ ತಾಕುವ ಒಂದು ಕಾರ. ಆಕೆ ಒಂದು ಬಿಲ್ಲೆಯನ್ನು ಪೂರ್ತಿ ತಿಂದು, ನನ್ನ ಪಾಲಿನದನ್ನೂ ಕೇಳಿ ತೆಗೆದುಕೊಂಡಳು. ಕೇಳಿ ತೆಗೆದುಕೊಂಡಳೆಂಬುದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದನ್ನು ಕಂಡುಹಿಡಿದವಳೂ ಆಕೆಯೇ. ಒಂದು ದಿನ 11 ಗಂಟೆಯ ಸುಮಾರಿಗೆ ಭೋಜನಗೃಹವೊಂದರ ಕಿಟಕಿಯ ಮುಂದೆ ನಿಂತು ನನ್ನ ತೋಳನ್ನು ಹಿಡಿದೆಳೆದಳು. ಒಳಗೆ ಅಡಿಗೆಯವರೂ ಬಡಿಸುವವರೂ ಪಾತ್ರೆ ತೊಳೆಯುವ ಹುಡುಗನೂ ಒಂದೇ ಮೇಜಿನ ಸುತ್ತ ಕುಳಿತು ಊಟ ಮಾಡುತ್ತಿದ್ದರು. ಗಿರಾಕಿಗಳು ಬರುವ ಮೊದಲು ಕೆಲಸದವರು ಉಣ್ಣುವುದು ಅಲ್ಲಿ ವಾಡಿಕೆ. "ನೋಡಿ, ಬಡಿಸುವವರು ಮೊದಲೇ ಉಣ್ಣುತ್ತಾರೆ" ಎಂದಳು. ಅದಕ್ಕೆ ಆಕೆ ಏನನ್ನೂ ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ.

ರುವಾಯಾಲ್ ಬೀದಿಯಲ್ಲಿ ಯೂಜನಿ ಬ್ರಾಜಿಯೆ ಎಂಬಾಕೆ 1921 ರಲ್ಲಿ ತೆರೆದ ಭೋಜನಗೃಹವನ್ನು ಹೊರಗಿನಿಂದಲೇ ನೋಡಿ ಬಂದೆವು. ಒಳಗೆ ಹೋಗುವಷ್ಟು ಹಣ ನಮ್ಮಲ್ಲಿರಲಿಲ್ಲ. ಲಿಯೋನಿನ ಅಡಿಗೆಯ ಕೀರ್ತಿಗೆ ಕಾರಣರಾದವರಲ್ಲಿ ಶ್ರೀಮಂತರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದು, ಆಮೇಲೆ ಸ್ವಂತವಾಗಿ ಭೋಜನಗೃಹ ತೆರೆದ ಹೆಂಗಸರು ಅನೇಕರು. ಜನ ಅವರನ್ನು ತಾಯಂದಿರೆಂದೇ ಕರೆಯುತ್ತಾರೆ. ಬ್ರಾಜಿಯೆ 1895 ರಲ್ಲಿ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗದೆ ಮಗುವನ್ನು ಹೆತ್ತಳೆಂದು ತಂದೆ ಮನೆಯಿಂದ ಹೊರಗಟ್ಟಿದನು. ಮಗುವನ್ನು ದಾದಿಯೊಬ್ಬಳ ಬಳಿ ಬಿಟ್ಟು ಲಿಯೋನಿಗೆ ಬಂದು ಚಾಕರಿಗೆ ಸೇರಿದಳು. 1933 ರಲ್ಲಿ ಆಕೆಯ ಎರಡು ಭೋಜನಗೃಹಗಳಿಗೂ ಮಿಶೆಲಿನ್ ಕೈಪಿಡಿಯವರು ಮೂರು ಮೂರು ನಕ್ಷತ್ರಗಳನ್ನು ಕೊಟ್ಟರು. ಆ ಗೌರವಕ್ಕೆ ಪಾತ್ರಳಾದ ಮೊದಲಿಗಳು ಆಕೆ. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಬೊಕ್ಯೂಸ್ ಆಕೆಯ ಅಡಿಗೆಮನೆಯಲ್ಲಿ ಕಲಿತವನು. ಇಷ್ಟನ್ನೂ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: "ಆಕೆ ಊರಿಗೆಲ್ಲ ಬಡಿಸುತ್ತಿದ್ದಾಗ ಆ ಮಗುವಿಗೆ ಊಟ ಹಾಕುತ್ತಿದ್ದವರು ಯಾರು?" ಮಗ ದೊಡ್ಡವನಾಗಿ ಅದೇ ಭೋಜನಗೃಹವನ್ನು ನಡೆಸಿದನೆಂದು ಸಮಾಧಾನ ಹೇಳಿದೆ. ಆಗ ಅಲ್ಲಿ ಹನ್ನೆರಡೂವರೆ. ಮೈಸೂರಿನಲ್ಲಿ ಸಂಜೆ 4 ಗಂಟೆ. ಆಕೆ ಅಲ್ಲಿಯೇ ನಿಂತು ಮನೆಗೆ ಫೋನ್ ಮಾಡಿದಳು. ಮಗ ಬಾಯ ತುಂಬ ಏನನ್ನೋ ಇಟ್ಟುಕೊಂಡು, "ಅಜ್ಜಿ ನಿಪ್ಪಟ್ಟು ಮಾಡಿದ್ದಾರೆ, ಆಮೇಲೆ ಮಾತಾಡ್ತೀನಮ್ಮ" ಎಂದು ಇಟ್ಟುಬಿಟ್ಟನು. ಆಕೆಗೆ ನಗುವೂ ಬಂತು, ಸ್ವಲ್ಪ ಬೇಸರವೂ ಆಯಿತು.

ಈಗ ನನ್ನ ಪೆದ್ದುತನದ ಕಥೆ. ಬೊಕ್ಯೂಸನ ಹೆಸರನ್ನೇ ಹೊತ್ತಿರುವ ಮಾರುಕಟ್ಟೆಯಲ್ಲಿ ಚೀಸಿನ ಅಂಗಡಿಯ ಮುಂದೆ ನಿಂತಿದ್ದೆವು. ಆಕೆ ರಿಗೊತ್ ಬಿಲ್ಲೆಗಳನ್ನು ಆರಿಸುತ್ತಿದ್ದಳು. ಹಾಲು ಹೆಪ್ಪಾಗುವುದು ಹೇಗೆಂದು ನಾನು ಅಂಗಡಿಯವರನ್ನು ಕೇಳಿದೆ. ನಮ್ಮಲ್ಲಿ ನಿನ್ನೆಯ ಮೊಸರೇ ಇಂದಿನ ಹಾಲಿಗೆ ಹೆಪ್ಪು. ಅಲ್ಲಿಯ ಪಾರಂಪರಿಕ ಚೀಸುಗಳಿಗೆ ಸಾಮಾನ್ಯವಾಗಿ ಎಳೆಗರುವಿನ ಜಠರದಿಂದ ತೆಗೆದ ರಸ, ಸ್ವಲ್ಪವೇ ಆದರೂ, ಬೀಳುತ್ತದೆ. ಕೇಳಿದ್ದನ್ನು ಅರ್ಥ ಮಾಡಿಕೊಂಡ ಹೆಮ್ಮೆಯಲ್ಲಿ ನಾನು ಕನ್ನಡದಲ್ಲಿ ಅನುವಾದವನ್ನೂ ಮಾಡಿಬಿಟ್ಟೆ. ಆಕೆ ಕೈಯಲ್ಲಿದ್ದ ಬಿಲ್ಲೆಯನ್ನು ಮೆಲ್ಲಗೆ ಇದ್ದ ಜಾಗದಲ್ಲಿಯೇ ಇಟ್ಟಳು. "ತಿಂದದ್ದು ತಿಂದಾಯಿತು. ತಿಳಿದ ಮೇಲೆ ತಿನ್ನಲಾರೆ" ಎಂದಳು, ಸ್ವಲ್ಪ ದೂರ ನಡೆದ ಮೇಲೆ, "ನೀವು ಕೇಳಬಾರದಾಗಿತ್ತು" ಎಂದಳು. ಸತ್ಯಶೋಧನೆಯನ್ನು ಕುರಿತು ತರಗತಿಯಲ್ಲಿ ನಾನು ಎಷ್ಟೋ ಉಪನ್ಯಾಸ ಕೊಟ್ಟಿದ್ದೇನೆ. ಅಂದು ಮಾತ್ರ ಉತ್ತರ ಹೊಳೆಯಲಿಲ್ಲ. 16 ವರ್ಷಗಳ ಮೇಲೆ ಆಕೆಯ ರುಚಿಯೊಂದನ್ನು ಅರಿತಿದ್ದೆ. ಮೂರೇ ದಿನಗಳಲ್ಲಿ ಅದನ್ನು ಆಕೆಯ ತಟ್ಟೆಯಿಂದ ತೆಗೆದುಹಾಕಿದ್ದೆ. ಉಳಿದ ಎರಡು ದಿನ ಚೀಸಿನ ತಟ್ಟೆ ಬಂದಾಗಲೆಲ್ಲ ನಾನೂ ಅದನ್ನು ಮುಟ್ಟಲಿಲ್ಲ. ಆಕೆ "ನೀವು ತಿನ್ನಿ, ನೀವೇಕೆ ಬಿಡಬೇಕು?" ಎಂದಳು. ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಮೈಸೂರಿಗೆ ಹಿಂತಿರುಗಿದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣಬೇಕೆಂಬ ಹೊಸ ನಿಯಮವನ್ನು ನಾನು ಘೋಷಿಸಿದೆ. ರಾತ್ರಿಯ ಅನ್ನ ಸಾರಿಗೆ ಅದು ನಡೆಯಿತು. ದೋಸೆಯ ಹತ್ತಿರ ಮುರಿದುಬಿತ್ತು. ದೋಸೆ ಕಾವಲಿಯಿಂದ ತಟ್ಟೆಗೆ ಬರುವ ವಸ್ತು. ಕಾವಲಿಯ ಮುಂದೆ ಒಬ್ಬರು ನಿಂತೇ ತೀರಬೇಕು. ಒಂದು ಭಾನುವಾರ ಆಕೆಯನ್ನೇ ಮೊದಲು ಕೂರಿಸಿ, ನಾನು ಸಟ್ಟುಗ ಹಿಡಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿಯ ಮುಖದಲ್ಲಿ ಏನಿತ್ತೆಂಬುದನ್ನು ನೋಡುವ ಧೈರ್ಯ ನನಗಾಗಲಿಲ್ಲ. ಮೊದಲನೆಯ ದೋಸೆ ಕಾವಲಿಗೆ ಅಂಟಿ ಹರಿಯಿತು. ಎರಡನೆಯದೂ ಹಾಗೆಯೇ. ಮೂರನೆಯದು ದುಂಡಗೆ ಎದ್ದುಬಂತು. ಅದನ್ನು ಹುಳಿಯಾದ ಮೊಸರಿನೊಡನೆ, ಖಾರದ ಚಟ್ನಿಯೊಡನೆ ಆಕೆಯ ತಟ್ಟೆಗೆ ಹಾಕಿದೆ. ಕಾವಲಿಗೆ ಹತ್ತಿದ್ದನ್ನು ಕೆರೆದು, ಒಲೆಯ ಪಕ್ಕದಲ್ಲಿ ನಿಂತುಕೊಂಡು, ನಾನು ತಿಂದೆ.